ಕಡಲ ಬದಿಯ ತೋಟಕ್ಕೆ ಗಜ್ಜುಗದ ಬೇಲಿ: ಬೀಜ ಉಜ್ಜುವುದರಿಂದ ಗೆಲ್ಲು ಸವರುವವರೆಗೆ

ಉಪ್ಪುಗಾಳಿ ಬೀಸುವ ಕಡೆ ತಂತಿ ಬೇಲಿಗೆ ಆಯುಸ್ಸು ಕಡಿಮೆ. ಕೆಲವೇ ಮಳೆಗಾಲಗಳಲ್ಲಿ ತುಕ್ಕು ಹಿಡಿದು, ಕೈ ತಾಗಿದರೆ ಪುಡಿಯಾಗುವ ಮುಳ್ಳುತಂತಿಯನ್ನು ಕಾರವಾರದಿಂದ ಉಳ್ಳಾಲದವರೆಗೆ ಮರಳು ನೆಲದಲ್ಲಿ ತೋಟ ಮಾಡುವವರೆಲ್ಲ ಬಲ್ಲರು. ಅದೇ ನೆಲದಲ್ಲಿ, ಅದೇ ಗಾಳಿಯಲ್ಲಿ, ಯಾರೂ ನೀರುಣಿಸದಿದ್ದರೂ ಹಸಿರಾಗಿ ನಿಲ್ಲುವ ಗಜ್ಜುಗವನ್ನು ಬೇಲಿಯಾಗಿ ಬೆಳೆಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಗಜ್ಜುಗವು ದ್ವಿದಳ ಸಸ್ಯಗಳ ಕುಟುಂಬಕ್ಕೆ ಸೇರಿದ, ಅರ್ಧ ಪೊದೆ ಅರ್ಧ ಬಳ್ಳಿಯ ಸ್ವಭಾವದ ಗಿಡ. ಇದನ್ನು ಸಸ್ಯಶಾಸ್ತ್ರಜ್ಞರು ಬಹುಕಾಲ ಸೀಸಾಲ್ಪಿನಿಯ ಬಾಂಡಕ್ ಎಂದು ಕರೆಯುತ್ತಿದ್ದರು. 2016ರ ಮರುವಿಂಗಡಣೆಯಲ್ಲಿ, ಲಿನೇಯಸ್ 1753ರಲ್ಲಿ ಕೊಟ್ಟಿದ್ದ ಗಿಲ್ಯಾಂಡಿನ ಬಾಂಡಕ್ ಎಂಬ ಹೆಸರಿಗೆ ಮತ್ತೆ ಮನ್ನಣೆ ಸಿಕ್ಕಿತು. ಉಷ್ಣವಲಯದ ಕಡಲತೀರಗಳಲ್ಲೆಲ್ಲ ಈ ಗಿಡ ಕಾಣಸಿಗುವುದಕ್ಕೆ ಅದರ ಬೀಜವೇ ಕಾರಣ. ಎರಡು ಬೇಳೆಗಳ ನಡುವೆ ಗಾಳಿ ತುಂಬಿದ ಪೊಳ್ಳು ಇರುವುದರಿಂದ ಅದು ತೇಲುತ್ತದೆ, ಸಿಪ್ಪೆ ಹನಿ ನೀರನ್ನೂ ಒಳಗೆ ಬಿಡದಿರುವುದರಿಂದ ಕೊಳೆಯುವುದಿಲ್ಲ. ಹೀಗೆ ಪ್ರವಾಹದೊಂದಿಗೆ ಸಾಗಿದ ಬೀಜಗಳು ಗಿಡ ಬೆಳೆಯಲಾರದ ಸ್ಕಾಟ್ಲೆಂಡ್ ಮತ್ತು ನಾರ್ವೆಯ ದಡಗಳಿಗೂ ಬಂದು ಬಿದ್ದಿವೆ. ಮರಾಠಿಯಲ್ಲಿ ಇದಕ್ಕಿರುವ ಸಾಗರಗೋಟಾ ಎಂಬ ಹೆಸರು ಎಷ್ಟು ಸೊಗಸಾಗಿ ಒಪ್ಪುತ್ತದೆ! ಆದರೆ ಕಡಲು ದಾಟಿಸುವ ಆ ಸಿಪ್ಪೆಯೇ ಬೇಲಿ ಬೆಳೆಸಲು ಹೊರಟವರಿಗೆ ಮೊದಲ ತೊಡಕಾಗಿ ನಿಲ್ಲುತ್ತದೆ.

ಬೀಜ ಆರಿಸುವುದು

ಮಳೆಗಾಲದಲ್ಲಿ ಹಳದಿ ಹೂಗೊಂಚಲು ಬಿಡುವ ಗಜ್ಜುಗದ ಕಾಯಿಗಳು ಚಳಿಗಾಲ ಕಳೆಯುವ ಹೊತ್ತಿಗೆ ಬಲಿತು ಕಂದು ಬಣ್ಣಕ್ಕೆ ತಿರುಗುತ್ತವೆ. ಮೈಯೆಲ್ಲ ಮುಳ್ಳಿರುವ ಚಪ್ಪಟೆ ಕಾಯಿ ತಾನಾಗಿ ಬಾಯಿ ಬಿಟ್ಟಾಗ ಒಳಗೆ ಸಾಮಾನ್ಯವಾಗಿ ಒಂದೋ ಎರಡೋ ಬೀಜಗಳಿರುತ್ತವೆ. ಬೀಜವನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದರೆ ಹೊಳೆಯ ನುಣುಪು ಕಲ್ಲಿನಂಥ ಬೂದು ಮೈಯ ಮೇಲೆ ಒಂದರ ಸುತ್ತ ಒಂದರಂತೆ ಕೂದಲೆಳೆಯಷ್ಟು ಸಣ್ಣ ಗೆರೆಗಳೂ, ಒಂದು ತುದಿಯಲ್ಲಿ ಕಾಯಿಗೆ ಅಂಟಿಕೊಂಡಿದ್ದ ಜಾಗದ ಕಲೆಯೂ ಕಾಣಿಸುತ್ತವೆ. ಈ ಕಲೆಯನ್ನು ಗುರುತಿಟ್ಟುಕೊಳ್ಳಬೇಕು. ಹುಳು ಕೊರೆದ ತೂತು ಇರುವ ಬೀಜಗಳನ್ನು ಬಿಟ್ಟು, ತುಂಬಿಕೊಂಡ, ಹೊಳಪು ಮಾಸದ ಬೀಜಗಳನ್ನಷ್ಟೇ ಆರಿಸಿಕೊಳ್ಳಬೇಕು. ನೀರಿಗೆ ಹಾಕಿ ತೇಲಿದ್ದನ್ನು ಜೊಳ್ಳೆಂದು ಎಸೆಯುವ ನಮ್ಮ ರೂಢಿಯ ಪರೀಕ್ಷೆ ಇಲ್ಲಿ ಸಲ್ಲದು. ಗಜ್ಜುಗದಲ್ಲಿ ಒಳ್ಳೆಯ ಬೀಜವೂ ತೇಲುತ್ತದೆ.

ಉಜ್ಜುವುದು

ಇಡೀ ಕೆಲಸದ ಜೀವಾಳ ಇದು. ಮೊದಲ ವರ್ಷ ನಾನು ಬೀಜಗಳನ್ನು ಇದ್ದ ಹಾಗೆಯೇ ಊರಿದ್ದೆ; ಮರುವರ್ಷ ಮಣ್ಣು ಬಿಡಿಸಿ ನೋಡಿದಾಗ ಹೆಚ್ಚಿನವು ಊರಿದ ದಿನದಂತೆಯೇ, ಹೊಳಪು ಕೂಡ ಮಾಸದೆ ಕುಳಿತಿದ್ದವು. ನೀರು ಒಳಹೋಗಲು ನಾವೇ ಒಂದು ಬಾಗಿಲು ತೆರೆಯದ ಹೊರತು ಮೊಳಕೆ ಬರುವುದು ಕಾಲದ ದಯೆಗೆ ಬಿಟ್ಟ ಸಂಗತಿ.

ಅರದಿಂದಾಗಲಿ ಒರಟು ಕಲ್ಲಿನ ಮೇಲಾಗಲಿ ಬೀಜವನ್ನು, ಕಲೆ ಇರುವ ತುದಿಯನ್ನು ಬಿಟ್ಟು ಅದರ ಎದುರು ಬದಿಯಲ್ಲಿ, ಒಂದೇ ಕಡೆ ಉಜ್ಜಬೇಕು. ಬೂದು ಬಣ್ಣ ಸವೆದು ಒಳಪದರ ಕಾಣಿಸಿ, ಅದೂ ತೆಳುವಾಗಿ ತಿರುಳಿನ ಬಿಳಿ ಚುಕ್ಕೆ ಇಣುಕಿದೊಡನೆ ನಿಲ್ಲಿಸಬೇಕು. ಗಜ್ಜುಗವನ್ನು ಕಲ್ಲಿಗೆ ಉಜ್ಜಿ ಕಾಯಿಸಿ ಗೆಳೆಯರ ತೋಳಿಗೆ ತಾಗಿಸಿದವರಿಗೆ ಅದು ಎಷ್ಟು ಬೇಗ ಬಿಸಿಯೇರುತ್ತದೆ ಎಂಬುದು ನೆನಪಿರಬಹುದು. ಆ ಬಿಸಿ ಒಳಗಿನ ಮೊಳಕೆಗೂ ಒಳ್ಳೆಯದಲ್ಲವಾದ್ದರಿಂದ ನಾಲ್ಕು ಬಾರಿ ಉಜ್ಜಿದ ಮೇಲೆ ಒಮ್ಮೆ ನೀರಿಗೆ ಅದ್ದಿ ತಣಿಸುತ್ತ ಹೋಗುವುದು ಉತ್ತಮ. ಆಮೇಲೆ ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನೆಸಿದರೆ, ಸರಿಯಾಗಿ ಉಜ್ಜಿದ ಬೀಜಗಳು ಕಣ್ಣಿಗೆ ಕಾಣುವಷ್ಟು ಉಬ್ಬುತ್ತವೆ. ಉಬ್ಬದವನ್ನು ಒರೆಸಿ ಇನ್ನಷ್ಟು ಉಜ್ಜಿ ಮತ್ತೆ ನೆನೆಹಾಕಬೇಕು. ಉಬ್ಬಿದವನ್ನು ತಡಮಾಡದೆ ಮಣ್ಣಿಗೆ ಹಾಕಬೇಕು.

ಊರುವುದು ಮತ್ತು ಹಬ್ಬಿಸುವುದು

ರೋಹಿಣಿ ಮಳೆ ಹನಿದು ನೆಲ ನೆನೆದ ಮೇಲೆ, ಮೃಗಶಿರದ ಜಡಿಮಳೆ ಹಿಡಿಯುವ ಮೊದಲು ಬೀಜ ಊರುವುದು ಸೂಕ್ತ. ಗೆಲ್ಲುಗಳು ಹತ್ತಾರು ಅಡಿ ಚಾಚುವ ಗಿಡವಾದ್ದರಿಂದ ಗಡಿಯಿಂದ ನಾಲ್ಕೈದು ಅಡಿ ಒಳಗೆ ಸಾಲು ಹಿಡಿಯಬೇಕು. ನೆರೆಯವರ ದಾರಿಗೆ ಮುಳ್ಳು ಚಾಚಿದರೆ ಬೇಲಿಗಿಂತ ಜಗಳವೇ ಬೇಗ ಬೆಳೆಯುತ್ತದೆ. ಒಂದೂವರೆ ಅಡಿ ಅಂತರದಲ್ಲಿ ಎರಡು ಸಾಲು ಗುರುತಿಸಿ, ಒಂದು ಸಾಲಿನ ಎರಡು ಗುಂಡಿಗಳ ನಡುವೆ ಇನ್ನೊಂದು ಸಾಲಿನ ಗುಂಡಿ ಬರುವಂತೆ ಮಾಡಿ, ಪ್ರತಿ ಗುಂಡಿಗೆ ಒಂದು ಹಿಡಿ ಹಟ್ಟಿಗೊಬ್ಬರ ಬೆರೆಸಿ, ಒಂದು ಅಂಗುಲ ಆಳದಲ್ಲಿ ಎರಡೆರಡು ಬೀಜ ಇಡಬೇಕು. ದ್ವಿದಳ ಕುಟುಂಬದ್ದೆಂಬ ಕಾರಣಕ್ಕೆ ಗೊಬ್ಬರ ತಪ್ಪಿಸಬಾರದು, ಏಕೆಂದರೆ ಆ ಕುಟುಂಬದೊಳಗೆ ಗಜ್ಜುಗ ಸೇರುವ ಗುಂಪಿನ ಗಿಡಗಳ ಬೇರಿನಲ್ಲಿ ಸಾರಜನಕ ಹಿಡಿದಿಡುವ ಗಂಟುಗಳು ಸಾಮಾನ್ಯವಾಗಿ ಇರುವುದಿಲ್ಲ.

ಮೊದಲ ಎರಡು ವರ್ಷ ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಬೇಲಿಯ ಬದಲು ಅಲ್ಲಲ್ಲಿ ಗುಡ್ಡೆಯಂಥ ಪೊದೆಗಳಾಗುತ್ತವೆ. ಆರೆಂಟು ಅಡಿಗೊಂದು ಗ್ಲಿರಿಸಿಡಿಯದ ಗೂಟ ನೆಟ್ಟು, ಮೊಣಕಾಲೆತ್ತರಕ್ಕೂ ಸೊಂಟದೆತ್ತರಕ್ಕೂ ಒಂದೊಂದು ಅಡಕೆ ದಬ್ಬೆ ಕಟ್ಟಿ, ಗಿಡ ಎರಡಡಿ ಆದಾಗ ತುದಿ ಚಿವುಟಿ, ಬದಿಯಿಂದ ಒಡೆದ ಗೆಲ್ಲುಗಳನ್ನು ಎಳತಿರುವಾಗಲೇ ದಬ್ಬೆಯುದ್ದಕ್ಕೂ ಅಡ್ಡಲಾಗಿ ಹೆಣೆಯಬೇಕು. ಬುಡದ ಒಂದೂವರೆ ಅಡಿ ದಟ್ಟವಾದರೆ ಹಂದಿಗೂ ದಾರಿ ಸಿಗುವುದು ಕಷ್ಟ.

ಹೆಣೆಯುವಾಗ ದಪ್ಪ ಕೈಗವಸು ಬೇಕೇಬೇಕು. ಕಾಂಡದ ಮುಳ್ಳಿಗಿಂತ ಎಲೆದಂಟಿನ ಅಡಿಯ ಬಾಗುಮುಳ್ಳು ಹೆಚ್ಚು ಅಪಾಯಕಾರಿ: ಅದು ಹಿಂದಕ್ಕೆ ಬಾಗಿರುವುದರಿಂದ ಸಿಕ್ಕಿಕೊಂಡ ಕೈಯನ್ನು ಎಳೆದಷ್ಟೂ ಆಳಕ್ಕೆ ಇಳಿಯುತ್ತದೆ. ಹಾಗೆ ಸಿಕ್ಕಿಕೊಂಡಾಗ ಕೈಯನ್ನು ಗೆಲ್ಲಿನ ಕಡೆಗೇ ಸ್ವಲ್ಪ ತಳ್ಳಿ, ಮುಳ್ಳು ಸಡಿಲವಾದ ಮೇಲೆ ಬಿಡಿಸಿಕೊಳ್ಳಬೇಕು. ಮಕ್ಕಳು ಓಡಾಡುವ ದಾರಿಯ ಪಕ್ಕ ಈ ಬೇಲಿ ಬೇಡವೆಂದೇ ನನ್ನ ಸಲಹೆ.

ಮೂರನೆಯ ವರ್ಷದಿಂದ ವರ್ಷಕ್ಕೆರಡು ಸಲ, ಮಳೆಗೆ ಮೊದಲು ಮತ್ತು ಮಳೆ ನಿಂತ ಮೇಲೆ, ಉದ್ದ ಹಿಡಿಯ ಕತ್ತಿಯಿಂದ ಎದೆಯೆತ್ತರಕ್ಕೆ ಸವರಿದರೆ ಸಾಕು. ಸವರಿದ ಗೆಲ್ಲುಗಳನ್ನು ಬೇಲಿಯ ಸಂದುಗಳಿಗೇ ತುರುಕಬಹುದು. ಜ್ವರಕ್ಕೂ ಹೊಟ್ಟೆಯ ತೊಂದರೆಗೂ ಗಜ್ಜುಗದ ಕಹಿ ತಿರುಳನ್ನು ಬಳಸುವುದುಂಟಾದರೂ ಪ್ರಮಾಣ ಬಲ್ಲ ವೈದ್ಯರನ್ನು ಕೇಳದೆ ಮನೆಯಲ್ಲಿ ಪ್ರಯೋಗಿಸಬಾರದು. ಬಾಯಿ ಬಿಡುವ ಮುನ್ನವೇ ಕಾಯಿಗಳನ್ನು ದೋಟಿಯಿಂದ ಕೊಯ್ದುಕೊಂಡರೆ ಬೀಜ ಬೇಡದ ಕಡೆ ಬಿದ್ದು ಹರಡುವುದು ತಪ್ಪುತ್ತದೆ, ಬೇಲಿಯಲ್ಲಿ ತೆರವಾದ ಜಾಗಕ್ಕೂ ಒದಗುತ್ತದೆ. ಅವನ್ನು ಉಜ್ಜದೆ ಡಬ್ಬಿಯಲ್ಲಿ ತೆಗೆದಿಟ್ಟರೆ ಮುಂದಿನ ರೋಹಿಣಿಯವರೆಗೂ ಕೆಡದೆ ಇರುತ್ತವೆ.