ಮಣ್ಣಿನ ಚೀಲ ಹಿಡಿದು ಕಾಲೇಜು ಹುಡುಕಿದ್ದು

ನಮ್ಮದು ಕೊಡಗಿನ ಸೋಮವಾರಪೇಟೆ ಕಡೆ, ಮಾದಾಪುರಕ್ಕೆ ಹತ್ತಿರ. ಏಳು ಎಕರೆ ಅರೇಬಿಕಾ, ಮರಕ್ಕೆಲ್ಲ ಒಳ್ಳೆಮೆಣಸು, ಕೆಳಗೆ ಸ್ವಲ್ಪ ಗದ್ದೆ. ಮಗಳು ಈಗ ಮಣ್ಣು ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಅವಳ ಡಿಗ್ರಿ ಕಾಲೇಜು ಆರಿಸಿದ್ದು ನಾನು. ಆರಿಸಿದ ರೀತಿ ನೋಡಿ ಆಗ ನಕ್ಕವರೇ ಜಾಸ್ತಿ. "ಎಲ್ಲರೂ ಕಾಲೇಜಿಗೆ ಮಾರ್ಕ್ಸ್ ಕಾರ್ಡ್ ತಗೊಂಡು ಹೋಗ್ತಾರೆ, ನೀನು ಮಣ್ಣು ಹೊತ್ಕೊಂಡು ಹೋಗ್ತೀಯಲ್ಲ ಮಾರಾಯ್ತಿ" ಅಂತ ಭಾವ ಮನೆ ತುಂಬ ಜನರ ಎದುರಿಗೇ ಹೇಳಿದ್ದರು. ಈಗ ಬರೆಯೋ ಧೈರ್ಯ ಬಂದಿದೆ.

ಸಿಇಟಿ, ಆಪ್ಷನ್ ಎಂಟ್ರಿ, ದಾಖಲೆ ಪರಿಶೀಲನೆ ಎಲ್ಲ ನಿಮಗೆ ಗೊತ್ತಿರೋದೇ, ಬಿಡಿ. ಮೊದಲು ಎಡವಿದ್ದನ್ನು ಹೇಳುತ್ತೇನೆ.

2016ರಲ್ಲಿ ಒಳ್ಳೆಮೆಣಸು ಕಿಲೋಗೆ 650 ದಾಟಿತ್ತು. ಕೈಯಲ್ಲಿ ದುಡ್ಡು, ತಲೆಯಲ್ಲಿ ಗಾಳಿ. ದೊಡ್ಡ ಮಗನಿಗೆ ಸರಕಾರಿ ಸೀಟು ಸಿಗಲಿಲ್ಲ. ಯಾರೋ ಏಜೆಂಟ್ ಬಂದು ಬಣ್ಣಬಣ್ಣದ ಪುಸ್ತಕ ತೋರಿಸಿದ. ಹೊರರಾಜ್ಯದ ಒಂದು ಖಾಸಗಿ ಕಾಲೇಜಿಗೆ ಸೇರಿಸಿಬಿಟ್ಟೆವು. ಮೊದಲೇ ಒಂದೂವರೆ ಲಕ್ಷ ಎಣಿಸಿ ಕೊಟ್ಟೆವು. ನಾಲ್ಕು ವರ್ಷಕ್ಕೆ ಎಲ್ಲ ಸೇರಿ ಆರೂವರೆ ಲಕ್ಷ ಆಗಿರಬೇಕು. ರಶೀದಿ ಅರ್ಧಕ್ಕೇ ಇದೆ.

2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿದಿದ್ದು ನಿಮಗೆ ನೆನಪಿರುತ್ತದೆ. ನಮ್ಮ ತೋಟ ಉಳಿಯಿತು, ಎದುರಿನ ಗುಡ್ಡ ಕಾಫಿ ಸಮೇತ ಹೊಳೆಗೆ ಇಳಿಯಿತು. ಮಳೆ ನಿಂತ ಮೇಲೆ ಮಗ ರಜೆಗೆ ಬಂದ. ಆಗ ಮೂರನೇ ವರ್ಷ. ನಮ್ಮ ಮಣ್ಣಿನ ವರದಿ ಮುಂದಿಟ್ಟು, "ಇದರಲ್ಲಿ ರಂಜಕ (ಫಾಸ್ಫರಸ್) ಇಷ್ಟು ಕಮ್ಮಿ ಯಾಕೆ ಬಂದಿದೆ ನೋಡು" ಅಂದೆ. ಸುಮ್ನೆ ಕೂತ. ಆಮೇಲೆ ಬಾಯಿಬಿಟ್ಟ: ಪ್ರಾಕ್ಟಿಕಲ್ ಅಂದರೆ ಸೀನಿಯರ್‌ಗಳ ರೆಕಾರ್ಡ್ ನಕಲು ಮಾಡೋದು, ಹನಿಹನಿಯಾಗಿ ದ್ರಾವಣ ಬಿಡೋ ಬ್ಯುರೆಟ್ ಕೊಳವೆ ಮುಟ್ಟಿದ್ದು ಎರಡು ಸಲವಂತೆ. ಅವನ ತಪ್ಪಲ್ಲ. ಕಾಲೇಜಿಗೆ ಐಸಿಎಆರ್ (ಭಾರತೀಯ ಕೃಷಿ ಅನುಸಂಧಾನ ಪರಿಷತ್ತು) ಮಾನ್ಯತೆ ಇಲ್ಲ ಅನ್ನೋದು ತಿಳಿದಿದ್ದು ಇನ್ನೂ ಆಮೇಲೆ, ಎಂ.ಎಸ್ಸಿ. ಅರ್ಜಿ ತುಂಬುವಾಗ.

ಅವತ್ತು ಪಕ್ಕದಲ್ಲೇ ಕೂತಿದ್ದ ಮಗಳು ಎರಡನೇ ಪಿಯುಸಿ. ಎದುರು ಗುಡ್ಡ ಯಾಕೆ ಜಾರಿತು, ನಮ್ಮದು ಯಾಕೆ ಉಳಿಯಿತು ಅಂತ ಅವಳಿಗೆ ಒಂದೇ ಯೋಚನೆ. ಮಣ್ಣೇ ಓದುತ್ತೇನೆ ಅಂದಳು.

ಇಲ್ಲಿ ಒಂದು ಮಾತು. ನಮ್ಮ ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಮಣ್ಣು ಓದೋರಿಗೆ ಡಿಗ್ರಿ ಅಂದರೆ ಬಿ.ಎಸ್ಸಿ. (ಆನರ್ಸ್) ಕೃಷಿ. ಮಣ್ಣು ವಿಜ್ಞಾನ ಅಂತ ಬೇರೆ ಸಿಗೋದು ಎಂ.ಎಸ್ಸಿ.ಯಲ್ಲಿ. ಎಂಟು ಸೆಮಿಸ್ಟರ್‌ನಲ್ಲಿ ಮಣ್ಣಿಗೆ ಅಂತಲೇ ಇರೋದು ಮೂರ್ನಾಲ್ಕು ಪೇಪರ್. ಅಷ್ಟೇ ಇರುವಾಗ ಆ ಮೂರ್ನಾಲ್ಕನ್ನು ಯಾರು ಕೈಯಿಂದ ಮಾಡಿಸುತ್ತಾರೆ ಅನ್ನೋದೇ ಮುಖ್ಯ ಅಲ್ವಾ? ಪೊನ್ನಂಪೇಟೆ ಅರಣ್ಯ ಕಾಲೇಜು ನಮ್ಮ ಜಿಲ್ಲೆಯಲ್ಲೇ ಇದೆ, ಅಲ್ಲಿಗೇ ಹಾಕು ಅಂದವರು ಬಹಳ. ಆದರೆ ಅದು ಫಾರೆಸ್ಟ್ರಿ ಡಿಗ್ರಿ, ಇವಳಿಗೆ ಬೇಕಾಗಿದ್ದು ಬೇರೆ.

ಚೀಲದ ಉಪಾಯ ಹೊಳೆದಿದ್ದು ಹಳೆ ಜಗಳದಿಂದ. ಎರಡು ವರ್ಷ ಮುಂಚೆ ಒಂದೇ ಮಣ್ಣನ್ನು ಮೂರು ಕಡೆ ಪರೀಕ್ಷೆಗೆ ಕೊಟ್ಟಿದ್ದೆ. ಪಿಎಚ್, ಅಂದರೆ ಮಣ್ಣಿನ ಹುಳಿಯ ಅಳತೆ (ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ), ಒಂದು ಕಡೆ 5.2, ಇನ್ನೊಂದು ಕಡೆ 5.6, ಮೂರನೇ ಕಡೆ 6.1. ಯಾವುದನ್ನು ನಂಬಿ ಸುಣ್ಣ ಹಾಕೋದು? ಲ್ಯಾಬನ್ನು ಹೀಗೆ ಅಳೆಯೋದಾದರೆ ಕಾಲೇಜನ್ನೂ ಅಳೆಯಬಹುದಲ್ಲ ಅನ್ನಿಸಿತು.

ಡಿಸೆಂಬರ್‌ನಲ್ಲಿ, ಕೊಯ್ಲಿನ ಮಧ್ಯೆ, ಒಂದೇ ಬ್ಲಾಕಿನ ಹದಿನೈದು ಕಡೆ ವಿ ಆಕಾರದ ಗುಂಡಿ ತೆಗೆದು 9 ಇಂಚಿನವರೆಗಿನ ಮಣ್ಣು ತೆಗೆದೆವು. ಕಾಲು ಕಾಲು ಭಾಗ ಮಾಡುತ್ತಾ ಕಮ್ಮಿ ಮಾಡಿ, ನೆರಳಲ್ಲಿ ಒಣಗಿಸಿ, ಜರಡಿ ಹಿಡಿದು ಐದಾರು ಕಿಲೋ ಮಾಡಿಕೊಂಡೆ. ಅರ್ಧರ್ಧ ಕಿಲೋ ಚೀಲ. ಒಂದೊಂದು ಕಾಲೇಜಿಗೆ ಎರಡು ಚೀಲ: ಒಂದಕ್ಕೆ "ಮೇಲಿನ ಬ್ಲಾಕ್", ಇನ್ನೊಂದಕ್ಕೆ "ಕೆಳಗಿನ ಬ್ಲಾಕ್" ಅಂತ ಚೀಟಿ. ಎರಡರಲ್ಲೂ ಇರೋದು ಒಂದೇ ಮಣ್ಣು. ಇದು ಮೋಸ ಅಂತ ನಮ್ಮ ಯಜಮಾನರು ಹೇಳಿದರು. ಆರೂವರೆ ಲಕ್ಷಕ್ಕಿಂತ ಸಣ್ಣ ಮೋಸ ಅಂದೆ.

ಬೆಂಗಳೂರಿನ ಜಿಕೆವಿಕೆ, ಮಂಡ್ಯದ ವಿ.ಸಿ. ಫಾರಂ, ಹಾಸನದ ಕಾರೇಕೆರೆ, ಶಿವಮೊಗ್ಗದ ನವಿಲೆ, ಹೀಗೆ ಸರಕಾರಿ ಕೃಷಿ ಕಾಲೇಜುಗಳು ಪಟ್ಟಿಯಲ್ಲಿದ್ದವು, ಜೊತೆಗೆ ಎರಡು ಖಾಸಗಿ. ಕೆಲವಕ್ಕೆ ಹೋದೆವು, ಕೆಲವು ಆಗಲಿಲ್ಲ. ಯಾವ ಕಾಲೇಜಿನಲ್ಲಿ ಏನಾಯಿತು ಅಂತ ಹೆಸರು ಹಿಡಿದು ಹೇಳಲ್ಲ. ಬಸ್ಸು, ಊಟ, ಎರಡು ರಾತ್ರಿ ಲಾಡ್ಜು, ಪರೀಕ್ಷೆ ಫೀಸು ಸೇರಿ ಒಂಬತ್ತು ಸಾವಿರದ ಹತ್ತಿರ ಬಿತ್ತು. ಆ ವರ್ಷ ಮೆಣಸು 400ರ ಆಸುಪಾಸಿಗೆ ಇಳಿದಿತ್ತು, ಒಂಬತ್ತು ಸಾವಿರ ಚುಚ್ಚಿತು.

ಒಂದು ಕಡೆ ನಮ್ಮ "ಮೇಲಿನ ಬ್ಲಾಕ್" 5.1, "ಕೆಳಗಿನ ಬ್ಲಾಕ್" 5.9 ಬಂತು. ಗೊಬ್ಬರದ ಶಿಫಾರಸು ಬೇರೆ ಬೇರೆಯಾಗಿ ಅಚ್ಚುಕಟ್ಟಾಗಿ ಬರೆದು ಕೊಟ್ಟರು. ಪಟ್ಟಿಯಿಂದ ತೆಗೆದೆ. ಇನ್ನೊಂದು ಕಡೆ ತಿಂಗಳಾದರೂ ವರದಿ ಇಲ್ಲ, ಚೀಲವೇ ಕಾಣೆ. ಮೂರನೇ ಕಡೆ ಎಂ.ಎಸ್ಸಿ. ಓದುತ್ತಿದ್ದ ಒಬ್ಬ ಹುಡುಗ ಎರಡೂ ಚೀಲದಿಂದ ಒಂದೊಂದು ಚಿಟಿಕೆ ತೆಗೆದು, ನೀರು ಹಾಕಿ ಬೆರಳ ಮಧ್ಯೆ ಒತ್ತಿ ರಿಬ್ಬನ್ ಥರ ಪಟ್ಟಿ ಎಳೆದ, ಜೇಡಿ ಎಷ್ಟಿದೆ ಅಂತ ನೋಡೋಕೆ. ಇನ್ನೊಮ್ಮೆ ಎಳೆದ. "ಆಂಟಿ, ಇವೆರಡೂ ಒಂದೇ ಅಲ್ವಾ?" ಅಂದ. ಮಗಳು ಅಲ್ಲೇ ನಕ್ಕುಬಿಟ್ಟಳು.

ಚೀಲ ಕೊಟ್ಟು ಬಂದರೆ ಕೆಲಸ ಮುಗಿಯಲ್ಲ. ಲ್ಯಾಬ್ ತೋರಿಸಿ ಅಂತ ಕೇಳಬೇಕು. ನಾನು ನೋಡುತ್ತಿದ್ದುದು ಸಿಂಕು. ಕಲೆ ಇಲ್ಲದೆ ಫಳಫಳ ಹೊಳೆಯುತ್ತಿದ್ದರೆ ಅನುಮಾನ. ಎರಡನೇ ವರ್ಷದ ಯಾವ ಮಗುವಾದರೂ ಸಿಕ್ಕರೆ ಒಂದು ಪ್ರಶ್ನೆ: ಸಾವಯವ ಇಂಗಾಲ ಅಳೆಯೋಕೆ ಡೈಫಿನೈಲಮೈನ್ ಅನ್ನೋ ಬಣ್ಣ ಸೂಚಕ ಹಾಕಿ ಟೈಟ್ರೇಷನ್ (ಹನಿಹನಿ ದ್ರಾವಣ ಬಿಟ್ಟು ಅಳೆಯೋದು) ಮಾಡುವಾಗ ಕೊನೆಗೆ ಯಾವ ಬಣ್ಣ ಬರುತ್ತೆ? ಮಾಡಿದವರು ಥಟ್ ಅಂತ "ನೀಲಿ ಹೋಗಿ ಹಸಿರು" ಅಂತಾರೆ. ಮಾಡದವರು ರೆಕಾರ್ಡ್ ಹುಡುಕುತ್ತಾರೆ. ನನ್ನ ಮಗನೂ ಹುಡುಕಿದ್ದ.

ಮೇಷ್ಟ್ರುಗಳಿಗೆ ಕೇಳುತ್ತಿದ್ದುದು ರಂಜಕ ಅಳೆಯೋ ಎರಡು ವಿಧಾನದ್ದು: ನಮ್ಮ ಮಣ್ಣಿಗೆ ಬ್ರೇ ಮಾಡ್ತೀರೋ ಓಲ್ಸನ್ನೋ? ಕೊಡಗಿನ ಹುಳಿ ಮಣ್ಣಲ್ಲಿ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ, ಅಂಥದಕ್ಕೆ ಬ್ರೇ ಸರಿ. ಓಲ್ಸನ್ ತಟಸ್ಥ ಮತ್ತು ಕ್ಷಾರ ಮಣ್ಣಿಗೆ. ಒಬ್ಬರು "ಪಿಎಚ್ ನೋಡದೆ ಹೇಳಲ್ಲ" ಅಂದರು. ಅವರಿಗೆ ಪೂರ್ತಿ ಮಾರ್ಕ್ಸ್ ಕೊಟ್ಟೆ. ಲ್ಯಾಬ್ ಅಟೆಂಡರ್‌ಗೆ ನಾನು ಕೇಳುತ್ತಿದ್ದ ಪ್ರಶ್ನೆ ಇನ್ನೊಂದಿದೆ. ಅದನ್ನು ಇಲ್ಲಿ ಬರೆದರೆ ಎಲ್ಲರೂ ಅದನ್ನೇ ಕೇಳುತ್ತಾರೆ, ಆಮೇಲೆ ಕೆಲಸಕ್ಕೆ ಬರಲ್ಲ.

ಇನ್ನು ನಾಲ್ಕನೇ ವರ್ಷ ಅನುಭವ ಕಲಿಕೆ ಅಂತ ಮಾಡ್ಯೂಲ್‌ಗಳಿರುತ್ತವೆ. ಅದರಲ್ಲಿ ಮಣ್ಣು, ಸಸ್ಯ, ನೀರು, ಬೀಜ ಪರೀಕ್ಷೆ ಅನ್ನೋದೂ ಒಂದು. ಪಟ್ಟಿಯಲ್ಲಿ ಇದ್ದರೆ ಸಾಲದು, ಹಿಂದಿನ ವರ್ಷ ನಿಜವಾಗಿ ನಡೆಸಿದರಾ ಅಂತ ನಾಲ್ಕನೇ ವರ್ಷದ ಮಕ್ಕಳನ್ನೇ ಕೇಳಿ. ಅದೇ ಕ್ಯಾಂಪಸ್ಸಿನಲ್ಲಿ ಮಣ್ಣು ವಿಭಾಗಕ್ಕೆ ಎಂ.ಎಸ್ಸಿ. ಇದ್ದರೆ ಲ್ಯಾಬ್ ಸಂಜೆಯೂ ತೆರೆದಿರುತ್ತದೆ.

ಈ ನಡುವೆ ಮಗಳದ್ದು ಬೇರೆ ಆಟ. ಮಣ್ಣಿನ ಜೀವಿಗಳು ಹತ್ತಿಯನ್ನು ಎಷ್ಟು ತಿನ್ನುತ್ತವೆ ನೋಡೋಕೆ ಅವಳ ಅಪ್ಪನ ಹಳೆ ಹತ್ತಿ ಬನಿಯನ್ ಎರಡನ್ನು ಹೂತಿಟ್ಟಳು, ಒಂದು ಕಾಂಪೋಸ್ಟ್ ಹಾಕುವ ಬ್ಲಾಕಿನಲ್ಲಿ, ಇನ್ನೊಂದು ನಾವು ಕಳೆನಾಶಕ ಹೊಡೆಯುವ ಅಂಚಿನಲ್ಲಿ. ಎರಡು ತಿಂಗಳ ಮೇಲೆ ತೆಗೆದರೆ ಮೊದಲನೆಯದರಲ್ಲಿ ಉಳಿದಿದ್ದು ಹೊಲಿಗೆಯ ದಾರ ಮಾತ್ರ. ಎರಡನೆಯದನ್ನು ಒಗೆದರೆ ಹಾಕಿಕೊಳ್ಳಬಹುದಿತ್ತು. ಕಾಲೇಜಿಗೂ ಇದಕ್ಕೂ ಸಂಬಂಧ ಇಲ್ಲ. ಆದರೆ ಆ ಅಂಚಿಗೆ ಕಳೆನಾಶಕ ನಿಂತಿತು.

ನಿಜವಾಗಿ ಬೆವರಿಳಿಸಿದ್ದು ಕೃಷಿಕರ ಮಕ್ಕಳ ಕೋಟಾದ ಪ್ರಾಕ್ಟಿಕಲ್ ಪರೀಕ್ಷೆ, ಬೀಜ, ಉಪಕರಣ ನೋಡಿ ಗುರುತಿಸೋದು. ನಮ್ಮ ಮಕ್ಕಳಿಗೆ ಕಾಫಿ, ಏಲಕ್ಕಿ, ಭತ್ತ ಕಣ್ಣು ಮುಚ್ಚಿಕೊಂಡು ಗೊತ್ತು. ಬಯಲುಸೀಮೆ ಬೀಜ ಎಲ್ಲಿ ನೋಡಿರುತ್ತವೆ? ಮನೆಯಲ್ಲಿ ಮೊದಲ ಸಲ ಇಟ್ಟ ಪರೀಕ್ಷೆಯಲ್ಲಿ ಅವಳು ಹುಚ್ಚೆಳ್ಳನ್ನು ಕರಿಜೀರಿಗೆ ಅಂದಳು, ಕುಸುಬೆ ಗೊತ್ತೇ ಇಲ್ಲ, ಕೂರಿಗೆಯ ಚಿತ್ರ ತೋರಿಸಿದರೆ ಕುಂಟೆ ಅಂದಳು. ಕುಶಾಲನಗರದ ಸಂತೆಯಲ್ಲಿ ನವಣೆ, ಸಜ್ಜೆ, ಹಲಸಂದೆ, ಹುರುಳಿ ಎಲ್ಲ ಒಂದೊಂದು ಹಿಡಿ ತಂದು ಮಾತ್ರೆ ಡಬ್ಬಿಗಳಲ್ಲಿ ತುಂಬಿದೆ. ಕುಸುಬೆ ಅಲ್ಲೂ ಸಿಗಲಿಲ್ಲ, ಹುಬ್ಬಳ್ಳಿಗೆ ಹೋಗೋ ಲಾರಿಯವರಿಂದ ತರಿಸಿದೆ. ದಿನಾ ರಾತ್ರಿ ಊಟ ಆದ ಮೇಲೆ ಹತ್ತು ಡಬ್ಬಿ. ಮೂರು ತಿಂಗಳಿಗೆ ನನಗೂ ಬಾಯಿಪಾಠ ಆಯಿತು.

2019ರಲ್ಲಿ ಸೀಟು ಬಂತು. ಆ ಬೆರಳಲ್ಲಿ ಪಟ್ಟಿ ಎಳೆದ ಹುಡುಗನ ಕಾಲೇಜಲ್ಲ, ಅದಕ್ಕೆ ಅವಳ ರ‍್ಯಾಂಕ್ ಸಾಲಲಿಲ್ಲ. ನನ್ನ ಪಟ್ಟಿಯ ಎರಡನೆಯದು ಸಿಕ್ಕಿತು, ಅದೂ ಎರಡನೇ ಸುತ್ತಿನಲ್ಲಿ. ಹಾಸ್ಟೆಲ್ ಸೇರಿ ಮೊದಲ ವರ್ಷ ಎಪ್ಪತ್ತು ಸಾವಿರದ ಆಸುಪಾಸು. ನಾಲ್ಕು ವರ್ಷದ್ದು ಒಟ್ಟು ಕೂಡಿದರೆ ಮಗನಿಗೆ ಕೊಟ್ಟಿದ್ದರ ಅರ್ಧಕ್ಕೂ ಬರಲ್ಲ. 2023ರಲ್ಲಿ ಡಿಗ್ರಿ ಮುಗಿಯಿತು, ಅದೇ ವರ್ಷ ಎಂ.ಎಸ್ಸಿ.ಗೆ ಮಣ್ಣು ವಿಜ್ಞಾನವೇ ಸಿಕ್ಕಿತು. ಮಗನೂ ಸುಮ್ನೆ ಕೂತಿಲ್ಲ, ತೋಟ ಅವನೇ ನೋಡುತ್ತಾನೆ. ತಂಗಿಗೆ ಫೋನ್ ಮಾಡಿ ಸುಣ್ಣದ ಲೆಕ್ಕ ಕೇಳುತ್ತಾನೆ, ಬೈಸಿಕೊಳ್ಳುತ್ತಾನೆ.

ಹೋದ ಆಟಿ ತಿಂಗಳ ಮಳೆಯಲ್ಲಿ ಭಾವ ಫೋನ್ ಮಾಡಿದ್ದರು. ಮೊಮ್ಮಗ ಎರಡನೇ ಪಿಯುಸಿ.

"ಆ ಚೀಲ ಎಷ್ಟು ಕಿಲೋದು ಮಾಡಿದ್ದೆ ನೀನು?"

"ಅರ್ಧ ಕಿಲೋ. ಆದರೆ ಈ ಮಳೆಯಲ್ಲಿ ತೆಗೀಬೇಡಿ ಭಾವ, ಒಣಗಲ್ಲ, ಮುಗ್ಗಲು ಹಿಡಿಯುತ್ತೆ. ಕೊಯ್ಲು ಶುರುವಾಗಲಿ."

"ಸರಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ಹಳೇದು ಮಿಕ್ಕಿದೆಯಾ?" ಅಂತ ಕೇಳಿದರು.