ಸ್ಪೋರ್ಟ್ ಡಾಗ್ ಮರಿ ಮನೆಗೆ ಬಂತಾ? 'ಸಿಟ್' ಕಲಿಸೋಕೆ ಅವಸರ ಬೇಡ

ಮ್ಯಾಲಿನೋಯ್ಸ್ ಅಥವಾ ಜರ್ಮನ್ ಶೆಫರ್ಡ್ ಮರಿ ತಂದವ್ರು ಎರಡನೇ ದಿನಕ್ಕೇ ಸಿಟ್, ಡೌನ್, ಸ್ಟೇ ಅಂತ ಶುರು ಹಚ್ಕೋತಾರೆ. ಸ್ವಲ್ಪ ತಡೀರಿ. ಇಂಥ ನಾಯಿಗಳು ಆಡೋ ಐಜಿಪಿ ಅಂದ್ರೆ ವಾಸನೆ ಹಿಡಿದು ಜಾಡು ನೋಡೋದು, ಹೇಳಿದ ಮಾತು ಕೇಳೋದು, ರಕ್ಷಣೆ, ಮೂರೂ ಇರೋ ಸ್ಪರ್ಧೆ, ಅದ್ರ ಮೊದಲ ಲೆವೆಲ್‌ಗೇ ನಾಯಿಗೆ 18 ತಿಂಗಳು ತುಂಬಿರ್ಬೇಕು. 8 ವಾರದ ಮರಿಗೆ ಈಗ ತಲೆಗೆ ಹೋಗ್ಬೇಕಾಗಿರೋದು ಒಂದೇ, ಇವ್ರ ಜೊತೆ ಇದ್ರೆ ಮಜಾ ಇದೆ ಅಂತ.

ಮೊದ್ಲು ಊಟದ ಬಟ್ಟಲು ಎತ್ತಿಡಿ, ಊಟದಲ್ಲಿ ಮುಕ್ಕಾಲು ಪಾಲು ನಿಮ್ಮ ಕೈಯಿಂದಲೇ ಹೋಗ್ಲಿ. ಮರಿ ತಾನಾಗಿ ನಿಮ್ಮ ಮುಖ ನೋಡಿದ ಕ್ಷಣಕ್ಕೆ 'ಯೆಸ್' ಅನ್ನಿ, ಆಮೇಲೆ ಊಟ ತೆಗೆಯೋಕೆ ಕೈ ಜೇಬಿಗೆ ಹೋಗ್ಲಿ. ಈ ಕ್ರಮ ತಪ್ಪಿದ್ರೆ ಮರಿ ನಿಮ್ಮ ಮಾತು ಕೇಳಲ್ಲ, ಜೇಬನ್ನೇ ನೋಡ್ತಾ ಕೂರತ್ತೆ.

ಜೊತೆಗೇ ಲೋಕ ತೋರಿಸ್ಬೇಕು. ಸುಮಾರು 14 ವಾರದ ತನಕ ಹೊಸದನ್ನ ಭಯ ಇಲ್ದೆ ಒಪ್ಕೊಳ್ಳೋ ವಯಸ್ಸು, ವ್ಯಾಕ್ಸಿನ್ ಮುಗಿದಿಲ್ಲ ಅಂದ್ರೆ ಎತ್ಕೊಂಡಾದ್ರೂ ಓಡಾಡಿ, ಪಾರ್ವೋ ಅನ್ನೋ ಅಂಟುರೋಗದ ಭಯಕ್ಕೆ ಬೇರೆ ನಾಯಿ ಓಡಾಡೋ ನೆಲಕ್ಕೆ ಮಾತ್ರ ಇಳಿಸ್ಬೇಡಿ. ಮನೇಲಿ ತಗಡಿನ ಶೀಟು, ಅಲುಗಾಡೋ ಹಲಗೆ, ನುಣ್ಣನೆ ಟೈಲ್ಸ್ ಮೇಲೆ ಊಟ ಚೆಲ್ಲಿ ಬಿಡಿ. ಹೆದರಿದ್ರೆ ಎಳೀಬೇಡಿ, ಅದೇ ಬರತ್ತೆ.

ಆಮೇಲೆ ಟಗ್ ಆಟ. ಮೆತ್ತಗಿನ ಬಟ್ಟೆ ಒಂದನ್ನ ನೆಲದ ಮೇಲೆ ಇಲಿ ಓಡಿದ ಹಾಗೆ ಮರಿಯಿಂದ ದೂರಕ್ಕೆ ಎಳೀರಿ, ಮೂತಿಗೆ ತಂದು ತುರುಕೋದಲ್ಲ, ಯಾವ ಇಲೀನೂ ತಾನಾಗಿ ಬಾಯಿಗೆ ಬರಲ್ಲ! ತುಂಬು ಬಾಯಲ್ಲಿ ಗಟ್ಟಿಯಾಗಿ ಹಿಡಿದ್ರೆ ಎರಡು ಸಲ ಜಗ್ಗಿ ಗೆಲ್ಲೋಕೆ ಬಿಟ್ಬಿಡಿ. ಬಾಯಿ ಬಿಡಿಸೋಕೆ ಕಿತ್ಕೋಬೇಡಿ, ಅಂಥದ್ದೇ ಇನ್ನೊಂದು ಬಟ್ಟೆ ಆಡಿಸಿ. 4ರಿಂದ 6 ತಿಂಗಳು ಹಲ್ಲು ಬೀಳೋ ಕಾಲ, ಆಗ ಆಟ ತೀರಾ ಮೆತ್ತಗೆ, ಇಲ್ಲಾಂದ್ರೆ ಬೇಡ್ವೇ ಬೇಡ. ನಾನು ಗೊತ್ತಿಲ್ದೆ ಜಗ್ಗಿದ್ದೆ, ಬಟ್ಟೆ ಮೇಲೆ ಚೂರು ರಕ್ತ, ಅಕ್ಕಿಕಾಳಷ್ಟು ಹಲ್ಲು, ಮರಿ ಕುಯ್ ಅಂದು ಹಿಂದೆ ಸರೀತು, ಆಮೇಲೆ ಒಂದು ತಿಂಗಳು ಆ ಬಟ್ಟೆ ಕಂಡ್ರೆ ಮುಖ ತಿರುಗಿಸ್ತಿತ್ತು.

ಜಾಡಿನ ಪಾಠಕ್ಕೆ ಖರ್ಚಿಲ್ಲ. ಹಸಿರು ಹುಲ್ಲಲ್ಲಿ ಗಾಳಿ ನಿಮ್ಮ ಬೆನ್ನಿಗಿರೋ ಹಾಗೆ ಹತ್ತು ಹೆಜ್ಜೆ ಒತ್ತಿ ಒತ್ತಿ ನಡೀರಿ, ಪ್ರತಿ ಹೆಜ್ಜೆಗೂ ಒಂದು ಕಾಳು ಊಟ ಇಡಿ, ಹಸಿದ ಮರೀನ ಆ ಜಾಡಿಗೆ ಬಿಡಿ, ಮಾತಾಡ್ಬೇಡಿ.

ಎತ್ತರದಿಂದ ಹಾರಿಸೋದು ಈಗ ಬೇಡ, ಮೂಳೆ ಗಟ್ಟಿಯಾಗೋಕೆ ವರ್ಷದ ಮೇಲೇ ಬೇಕು. ಒಂದು ಆಟ ಎರಡು ಮೂರು ನಿಮಿಷ ಸಾಕು, ಇನ್ನೂ ಬೇಕು ಅಂತ ನಿಮ್ಮ ಕಾಲಿಗೆ ತೊಡರ್ತಿರೋವಾಗ್ಲೇ ಬಟ್ಟೆ ಎತ್ತಿಟ್ಟು ಕ್ರೇಟ್‌ಗೆ, ಅಂದ್ರೆ ಅದು ಮಲಗೋ ಗೂಡಿಗೆ ಬಿಡಿ, ಮಲಗ್ಲಿ.