ತಿನ್ನುವ ಹೂವು, ಕೇಕಿನ ಹೂವು: ನನ್ನ ಅಡುಗೆಮನೆಯ ಲೆಕ್ಕ

ಕೇಕಿನ ಮೇಲೆ ಇಡಬೇಕೆಂದಿರುವ ಹೂವಿನ ಒಂದು ಎಸಳನ್ನು ಮೊದಲು ನಾನು ಅಗಿದು ನೋಡುತ್ತೇನೆ. ಗುರುತು ನೂರಕ್ಕೆ ನೂರು ಗೊತ್ತಿರುವ ಹೂವನ್ನು ಮಾತ್ರ, ಅದೂ ನಮ್ಮ ಕುಂಡದಲ್ಲೇ ಅರಳಿದ್ದನ್ನು. ಬಾಯಿಗೆ ಕಹಿ ಉಳಿದರೆ, ಹುಲ್ಲು ಅಗಿದಂತಾದರೆ ಅದು ದೇವರ ಪಟಕ್ಕೆ ಸರಿ, ಕೇಕಿಗಲ್ಲ. ನಮ್ಮಲ್ಲಿ ಹೂವು ತಿನ್ನುವುದು ಹೊಸತೇನಲ್ಲ. ಯುಗಾದಿಯ ಬೇವಿನ ಹೂವು, ಬಾಳೆಹೂವಿನ ಪಲ್ಯ, ನುಗ್ಗೆ ಹೂವಿನ ಪಲ್ಯ, ಮಲೆನಾಡು ಕರಾವಳಿಯ ದಾಸವಾಳದ ತಂಬುಳಿ, ಕೇಪಳದ ತಂಬುಳಿ. ಅಲ್ಲೆಲ್ಲ ಹೂವೆಂದರೆ ತರಕಾರಿ. ಬಿಡಿಸುತ್ತೇವೆ, ತೊಳೆಯುತ್ತೇವೆ, ರುಚಿ ನೋಡುತ್ತೇವೆ. ಕೇಕಿನ ಮೇಲೆ ಏರಿದ ಕೂಡಲೇ ಅದೇ ಹೂವು ಬರೀ ಅಲಂಕಾರವಾಗಿಬಿಡುತ್ತದೆ. ಎಡವಟ್ಟು ಶುರುವಾಗುವುದು ಅಲ್ಲಿಂದ.

ಮಾರುಕಟ್ಟೆಯ ಹೂವನ್ನು ನಾನು ಅಡುಗೆಗೆ ಮುಟ್ಟುವುದಿಲ್ಲ. ಹಾರಕ್ಕೂ ಬೊಕೆಗೂ ಬೆಳೆದ ಗುಲಾಬಿ, ಸೇವಂತಿಗೆ, ಚೆಂಡುಹೂವುಗಳಿಗೆ ಔಷಧಿ ಹೊಡೆಯುವಾಗ ಅದನ್ನು ಯಾರೋ ತಿನ್ನುತ್ತಾರೆ ಎಂಬ ಲೆಕ್ಕ ಇರುವುದಿಲ್ಲ. ಗಿಡದೊಳಕ್ಕೇ ಇಳಿಯುವ ಕೀಟನಾಶಕಗಳಿವೆ. ಅವು ಎಸಳಿನ ಒಳಗಿರುತ್ತವೆ, ಮೇಲಲ್ಲ. ಉಪ್ಪುನೀರು, ವಿನೆಗರ್, ಅರಿಶಿನದ ನೀರು ಯಾವುದರಲ್ಲಿ ತೊಳೆದರೂ ಹೋಗುವುದಿಲ್ಲ. ನರ್ಸರಿಯಿಂದ ಗಿಡ ತಂದರೂ ಅದರಲ್ಲಿ ಆಗಲೇ ಇರುವ ಹೂವು, ಮೊಗ್ಗನ್ನೆಲ್ಲ ಚಿವುಟಿ, ಮೂರು ತಿಂಗಳು ನಮ್ಮ ಮಣ್ಣಿನಲ್ಲಿ ಬೆಳೆದ ಮೇಲೆ ಬಂದ ಹೂವನ್ನಷ್ಟೇ ಬಳಸುವುದು ನನ್ನ ನಿಯಮ. ರಸ್ತೆ ಬದಿಯ ಬೇಲಿಯ ಹೂವಿಗೆ ಹೊಗೆ, ಧೂಳು, ನಾಯಿ ಮೂರೂ ತಗುಲಿರುತ್ತವೆ. ಬೇಡ.

ಯಾವುದು ಬೇಡವೇ ಬೇಡ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇವೆಲ್ಲ ನಮ್ಮ ಅಂಗಳದಲ್ಲೇ ಇರುವವು. ಕಣಗಿಲೆ, ಹಳದಿ ಕಣಗಿಲೆ ಎರಡೂ ಹೃದಯದ ಬಡಿತ ಕೆಡಿಸುವ ವಿಷ. ಅಗ್ನಿಶಿಖೆ, ಅಂದರೆ ಗೌರಿ ಹೂವು, ನೋಡಲು ಕೇಕಿಗೆಂದೇ ಹುಟ್ಟಿದಂತಿದೆ, ಅದರಲ್ಲಿರುವುದು ಕಾಲ್ಚಿಸಿನ್ ಎಂಬ ವಿಷ. ಉಮ್ಮತ್ತಿ, ಎಕ್ಕ, ಲಂಟಾನ, ನಿತ್ಯಪುಷ್ಪ, ಹೈಡ್ರೇಂಜ ಯಾವುದೂ ಸಲ್ಲದು. ನಂದಬಟ್ಟಲನ್ನು ಮಲ್ಲಿಗೆ ಎಂದುಕೊಂಡು ಇಟ್ಟವರಿದ್ದಾರೆ. ತೊಟ್ಟು ಮುರಿದರೆ ಅದರಿಂದ ಬಿಳಿ ಹಾಲು ಬರುತ್ತದೆ, ಮಲ್ಲಿಗೆಯಿಂದ ಬರುವುದಿಲ್ಲ. ಹಾಗೆಂದು ಹಾಲು ಬಾರದ್ದೆಲ್ಲ ತಿನ್ನಬಹುದು ಎಂದಲ್ಲ, ಉಮ್ಮತ್ತಿಯಿಂದಲೂ ಹಾಲು ಬರುವುದಿಲ್ಲ. ಬೊಕೆಯ ನಡುವೆ ತುಂಬುವ ಬಿಳಿ ಚುಕ್ಕೆಯಂಥ ಜಿಪ್ಸೋಫಿಲಾ ಈಗ ಎಲ್ಲ ಕೇಕಿನ ಮೇಲೂ ಕಾಣುತ್ತದೆ. ಅದು ತಿನ್ನುವ ಹೂವಲ್ಲ, ಹೊಟ್ಟೆಗೂ ಚರ್ಮಕ್ಕೂ ಕಿರಿಕಿರಿ ಮಾಡುವಂಥದ್ದು. "ತಿನ್ನುವುದಿಲ್ಲವಲ್ಲ, ತೆಗೆದಿಡುತ್ತೇವೆ" ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಕ್ರೀಮಿನಲ್ಲಿ ತೊಟ್ಟು ಚುಚ್ಚಿದ ಮೇಲೆ ಅದರ ರಸ ಕ್ರೀಮಿಗೆ ಇಳಿದಾಯಿತು.

ಹೂವು ಕೊಯ್ಯುವುದು ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು. ಅಗಲ ಪಾತ್ರೆಯ ತಣ್ಣೀರಿನಲ್ಲಿ ತಲೆಕೆಳಗಾಗಿ ಎರಡು ಸಲ ಅದ್ದಿ ತೆಗೆದರೆ ಇರುವೆ, ನುಸಿ ಹೊರಬೀಳುತ್ತವೆ. ನಲ್ಲಿಯ ಕೆಳಗೆ ಹಿಡಿದರೆ ಎಸಳು ಹರಿಯುತ್ತದೆ. ಹತ್ತಿಬಟ್ಟೆಯ ಮೇಲೆ ಆರಿಸಿ, ಡಬ್ಬಿಯ ತಳಕ್ಕೆ ಒದ್ದೆ ಮಾಡಿ ಹಿಂಡಿದ ಬಟ್ಟೆ ಹಾಸಿ, ಒಂದೇ ಪದರವಾಗಿ ಜೋಡಿಸಿ ಫ್ರಿಜ್ಜಿನಲ್ಲಿಟ್ಟರೆ ಗುಲಾಬಿ ಎಸಳು, ವಯೋಲಾ (ಪ್ಯಾನ್ಸಿಯ ಜಾತಿಯ ಪುಟ್ಟ ಹೂವು) ಎರಡು ದಿನ ನಿಲ್ಲುತ್ತವೆ. ಬಳಸುವ ಮೊದಲು ಕೇಸರ, ನಡುವಿನ ದಂಟು, ಹಸಿರು ತೊಟ್ಟು ತೆಗೆಯಬೇಕು. ಪರಾಗ ಕೆಲವರಿಗೆ ಅಲರ್ಜಿ, ಮೇಲಾಗಿ ಬಿಳಿ ಕ್ರೀಮಿನ ಮೇಲೆ ಹಳದಿ ಮಸಿಯಂತೆ ಹರಡುತ್ತದೆ. ಗುಲಾಬಿ ಎಸಳಿನ ಬುಡದ ಬಿಳಿ ತುಣುಕನ್ನು ಕತ್ತರಿಯಲ್ಲಿ ಕತ್ತರಿಸಿ, ಕಹಿ ಇರುವುದು ಅಲ್ಲೇ. ಚೆಂಡುಹೂವಿನಲ್ಲೂ ಹಾಗೆಯೇ.

ದಾಸವಾಳ ಒಂದೇ ದಿನದ ಹೂವು, ಸಂಜೆಗೆ ಮುದುಡುತ್ತದೆ. ಸಂಜೆಯ ಕೇಕಿಗೆ ಬೇಕಿದ್ದರೆ ಬೆಳಿಗ್ಗೆ ಪೂರ್ತಿ ಅರಳಿದಾಗ ಕಿತ್ತು, ನೀರಿಲ್ಲದೆ ಡಬ್ಬಿಯಲ್ಲಿ ಫ್ರಿಜ್ಜಿಗೆ ಹಾಕಿ. ಹೊರ ತೆಗೆದಾಗ ಅರಳಿಯೇ ಇರುತ್ತದೆ. ಆದರೆ ನಾನು ದಾಸವಾಳವನ್ನು ಮೇಲಿಡುವುದಕ್ಕಿಂತ ಸಿರಪ್ಪು ಮಾಡಿ ಸ್ಪಾಂಜಿಗೆ ಕುಡಿಸುವುದೇ ಹೆಚ್ಚು. ಐದೆಸಳಿನ ಕೆಂಪು ದಾಸವಾಳ 25, ನೀರು 250 ಮಿಲಿ, ಸಕ್ಕರೆ 200 ಗ್ರಾಂ, ನಿಂಬೆರಸ ಎರಡು ದೊಡ್ಡ ಚಮಚ. ಎಸಳಿನ ಮೇಲೆ ಕುದಿನೀರು ಸುರಿದು ಹತ್ತು ನಿಮಿಷ ಮುಚ್ಚಿಡಿ. ಎಸಳು ಬಿಳಿಚಿ ನೀರು ಕಪ್ಪು ನೇರಳೆಯಾಗುತ್ತದೆ, ನೋಡಿದರೆ ಕೆಟ್ಟುಹೋಯಿತು ಅನಿಸುವಷ್ಟು. ಬಟ್ಟೆಯಲ್ಲಿ ಸೋಸಿ, ಆದರೆ ಹಿಂಡಬೇಡಿ. ಹಿಂಡಿದರೆ ಲೋಳೆ ಇಳಿದು ಸಿರಪ್ಪು ದಾರ ದಾರವಾಗುತ್ತದೆ. ಎಸಳು ಹಾಕಿ ಕುದಿಸಿದರೂ ಇದೇ ಪಾಡು. ಸೋಸಿದ ನೀರಿಗೆ ಸಕ್ಕರೆ ಹಾಕಿ ಐದು ನಿಮಿಷ ಕುದಿಸಿ, ಇಳಿಸಿ, ಉಗುರು ಬೆಚ್ಚಗಾದಾಗ ನಿಂಬೆರಸ ಹಾಕಿ. ಕಣ್ಣೆದುರೇ ಕಡುಗೆಂಪಾಗುತ್ತದೆ. ಹೂವಿನ ಈ ಬಣ್ಣಕ್ಕೆ ಆಂಥೋಸಯನಿನ್ ಕಾರಣ, ಹುಳಿಯಲ್ಲಿ ಅದು ಕೆಂಪು, ಹುಳಿಯಿಲ್ಲದಾಗ ನೇರಳೆ ನೀಲಿ. ಪಾತ್ರೆ ಸ್ಟೀಲಿನದೇ ಇರಲಿ. ಅಲ್ಯೂಮಿನಿಯಂ, ಕಬ್ಬಿಣಗಳಲ್ಲಿ ಬಣ್ಣ ಬೂದಿಗೆ ತಿರುಗುತ್ತದೆ.

ಶಂಖಪುಷ್ಪದ ನೀಲಿಯೂ ಅದೇ ಜಾತಿಯ ಬಣ್ಣ, ಅದಕ್ಕೇ ಎಲ್ಲರೂ ಅದರಲ್ಲಿ ಸೋಲುತ್ತಾರೆ. ನೀಲಿ ಸ್ಪಾಂಜ್ ಮಾಡೋಣ ಎಂದು ಹಿಟ್ಟಿಗೆ ಕಲಸಿದರೆ ಅಡುಗೆ ಸೋಡದ ಕ್ಷಾರಕ್ಕೆ ಹಸಿರಾಗಿ, ಬೆಣ್ಣೆ ಮತ್ತು ಮೊಟ್ಟೆಯ ಹಳದಿಯೂ ಸೇರಿ, ಒಲೆಯಿಂದ ಹೊರಬರುವುದು ಪಾಚಿ ಬಣ್ಣದ ಕೇಕು. ಬಟರ್‌ಕ್ರೀಮಿಗೆ ಹಾಕಿದರೂ ಬೆಣ್ಣೆಯ ಹಳದಿ ಸೇರಿ ತಿಳಿಹಸಿರು. ಇದರ ಜಾಗ ಐಸಿಂಗ್ ಸಕ್ಕರೆಯ ಗ್ಲೇಜ್, ಅಂದರೆ ಕೇಕಿನ ಮೇಲೆ ಸುರಿಯುವ ತೆಳು ಲೇಪ, ಮತ್ತು ಕಡಲಪಾಚಿಯಿಂದ ಮಾಡುವ ಅಗರ್‌ನ ಜೆಲ್ಲಿ. ಒಣಗಿಸಿದ 20 ಹೂವಿನ ಹಸಿರು ಬುಡ ಕಿತ್ತು 60 ಮಿಲಿ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸಿ. 200 ಗ್ರಾಂ ಐಸಿಂಗ್ ಸಕ್ಕರೆಗೆ ಎರಡು ದೊಡ್ಡ ಚಮಚದಿಂದ ಶುರುಮಾಡಿ ಹನಿ ಹನಿಯಾಗಿ ಹದಕ್ಕೆ ತನ್ನಿ. ನಿಂಬೆ ಹಾಕುವ ಅಭ್ಯಾಸದ ಕೈ ಇಲ್ಲಿ ತಡೆಯಬೇಕು, ಹಾಕಿದರೆ ನೇರಳೆ. ಜೆಲ್ಲಿಗೆ 500 ಮಿಲಿ ದ್ರವಕ್ಕೆ 5 ಗ್ರಾಂ ಅಗರ್ ಪುಡಿ ಹಾಕಿ ಎರಡು ನಿಮಿಷ ಕುದಿಸಿ. ನೇರಳೆ ಬೇಕಿದ್ದರೆ ನಿಂಬೆರಸವನ್ನು ಇಳಿಸಿದ ಮೇಲೆ ಸೇರಿಸಿ. ಹುಳಿಯೊಂದಿಗೆ ಕುದಿದರೆ ಅಗರ್‌ನ ಹಿಡಿತ ಸಡಿಲವಾಗುತ್ತದೆ.

ಇನ್ನು ಮಲ್ಲಿಗೆ. ಉಡುಪಿ, ಮೈಸೂರು, ಹಡಗಲಿ ಮೂರು ಊರಿನ ಮಲ್ಲಿಗೆಗೂ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇರುವ ರಾಜ್ಯ ನಮ್ಮದು, ಆದರೆ ಅದರ ಪರಿಮಳ ನಮ್ಮ ಸಿಹಿತಿಂಡಿಗೆ ಹತ್ತಿದ್ದು ಕಡಿಮೆ. ಕಾರಣ ಸುಲಭ: ಬಿಸಿ ಹಾಲಿಗೆ ಮಲ್ಲಿಗೆ ಹಾಕಿ ಕುದಿಸಿದರೆ ಪರಿಮಳ ಹಾರಿ, ಬೆಂದ ಸೊಪ್ಪಿನ ವಾಸನೆಯಷ್ಟೇ ಉಳಿಯುತ್ತದೆ. ಒಲೆ ಹಚ್ಚದೆ ಮಾಡಬೇಕು. ಕೊಬ್ಬು ವಾಸನೆ ಹಿಡಿಯುತ್ತದೆ ಎಂಬುದು ಫ್ರಿಜ್ಜಿನಲ್ಲಿ ಈರುಳ್ಳಿ ಪಕ್ಕ ಬೆಣ್ಣೆ ಇಟ್ಟವರಿಗೆಲ್ಲ ಗೊತ್ತು. ಇಲ್ಲೂ ಅದೇ ಕೆಲಸಕ್ಕೆ ಬರುತ್ತದೆ. 200 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು ಮೆತ್ತಗೆ ಮಾಡಿ, ಅಗಲ ತಟ್ಟೆಯಲ್ಲಿ ಕಿರುಬೆರಳಿನ ಅರ್ಧ ದಪ್ಪಕ್ಕೆ ಹರಡಿ, ಚಮಚದಿಂದ ಗೀರು ಎಳೆಯಿರಿ. ಸಂಜೆ ಐದಾರು ಗಂಟೆಗೆ, ನಾಳೆಗಲ್ಲ ಇವತ್ತೇ ಅರಳುವ, ಉಬ್ಬಿ ಬೆಳ್ಳಗಾದ 40 ಮೊಗ್ಗು ಕಿತ್ತು, ಹಸಿರು ತೊಟ್ಟು ಬಿಡಿಸಿ, ಬೆಣ್ಣೆಯ ಮೇಲೆ ಸಾಲಾಗಿ ಮಲಗಿಸಿ. ಒತ್ತಬೇಡಿ, ಒತ್ತಿದ ಮೊಗ್ಗು ಕಂದುತ್ತದೆ. ಒದ್ದೆಯಿದ್ದರಂತೂ ಬೇಡ, ನೀರಿನ ಹನಿ ಬೆಣ್ಣೆಯಲ್ಲಿ ಮುಗ್ಗಲು ವಾಸನೆ ತರುತ್ತದೆ. ಮೇಲೆ ಇನ್ನೊಂದು ಸ್ಟೀಲ್ ತಟ್ಟೆ ಕವಿಚಿ ಅಡುಗೆಮನೆಯ ತಂಪು ಮೂಲೆಯಲ್ಲಿಡಿ, ಫ್ರಿಜ್ಜಿನಲ್ಲಲ್ಲ. ಮಲ್ಲಿಗೆ ಪರಿಮಳ ಬಿಡುವುದು ರಾತ್ರಿ ಅರಳುವಾಗ; ಫ್ರಿಜ್ಜಿನ ಚಳಿಗೆ ಅದು ಅರಳುವುದೇ ಇಲ್ಲ. ಬೆಳಿಗ್ಗೆ ಏಳುವ ಹೊತ್ತಿಗೆ ಹೂವು ಅರಳಿ, ಅಂಚು ಹಳದಿಯಾಗುತ್ತಿರುತ್ತದೆ. ಪೂರ್ತಿ ಕಂದುವ ಮೊದಲೇ ಒಂದೊಂದಾಗಿ ಎತ್ತಿ, ಬೆಣ್ಣೆ ಫ್ರಿಜ್ಜಿಗೆ ಹಾಕಿ. ಸಂಜೆ ಮತ್ತೆ ಹೊಸ ಮೊಗ್ಗು. ಮೊದಲ ರಾತ್ರಿಯ ಬೆಣ್ಣೆ ಮೂಸಿದರೆ ಇದೆ, ತಿಂದರೆ ಇಲ್ಲ ಎಂಬಂತಿರುತ್ತದೆ. ಮೂರು ರಾತ್ರಿ ಬೇಕು. ನಾಲ್ಕನೆಯದು ಮಾಡಿದರೆ ಕೇಕು ತಿಂದವರಿಗೆ ಸೋಪಿನ ನೆನಪಾಗುತ್ತದೆ. ಈ ಬೆಣ್ಣೆಗೆ 350 ಗ್ರಾಂ ಐಸಿಂಗ್ ಸಕ್ಕರೆ, ಒಂದು ಚಿಟಿಕೆ ಉಪ್ಪು, ಒಂದೆರಡು ಚಮಚ ಹಾಲು ಹಾಕಿ ಕಡೆದರೆ ಎಂಟು ಇಂಚಿನ ಕೇಕಿನ ಮೇಲ್ಭಾಗಕ್ಕೂ ನಡುವಿಗೂ ಆಗುತ್ತದೆ. ವೆನಿಲ್ಲಾ ಹಾಕಬೇಡಿ. ಏಲಕ್ಕಿಯನ್ನೂ ಹಾಕಬೇಡಿ, ಅದು ಎಲ್ಲವನ್ನೂ ಪಾಯಸ ಮಾಡುತ್ತದೆ.

ಸಕ್ಕರೆ ಹೊದಿಸಿದ ಹೂವಿಗೆ ಪುಸ್ತಕಗಳೆಲ್ಲ ಹಸಿ ಮೊಟ್ಟೆಯ ಬಿಳಿ ಹೇಳುತ್ತವೆ. ನಮ್ಮಲ್ಲಿ ಅರ್ಧಕ್ಕರ್ಧ ಜನ ಕೇಳುವುದು ಎಗ್‌ಲೆಸ್, ಹಸಿ ಮೊಟ್ಟೆ ನನಗೂ ಸರಿಯಲ್ಲ. ಬದಲಿಗೆ ತಿನ್ನುವ ಗಮ್ ಅರೇಬಿಕ್ (ಜಾಲಿ ಜಾತಿಯ ಮರದ ಅಂಟು) ಪುಡಿ 10 ಗ್ರಾಂ, ಗುಲಾಬಿ ನೀರು 30 ಮಿಲಿ, ರಾತ್ರಿಯಿಡೀ ನೆನೆಸಿ ಬಟ್ಟೆಯಲ್ಲಿ ಸೋಸಿದರೆ ಹದವಾದ ಅಂಟು. ಅಂಟಿನುಂಡೆಗೆ ತಂದ ಅಂಟನ್ನು ಬಳಸುವುದಾದರೆ ಒಂದು ಚೂರು ನೆನೆಸಿ ನೋಡಿ, ಕರಗಿದರೆ ನಡೆಯುತ್ತದೆ. ಉಬ್ಬಿ ಜೆಲ್ಲಿಯಾದರೆ ಅದು ಬೇರೆ ಜಾತಿ, ಪ್ರಯೋಜನವಿಲ್ಲ. ಸಕ್ಕರೆಯನ್ನು ಮಿಕ್ಸಿಯಲ್ಲಿ ಐದಾರು ಸಲ ತಿರುಗಿಸಿ ಸಣ್ಣ ರವೆಯಷ್ಟಕ್ಕೆ ಇಳಿಸಿ ಜರಡಿ ಹಿಡಿಯಿರಿ. ಅಂಗಡಿಯ ಐಸಿಂಗ್ ಸಕ್ಕರೆಯಲ್ಲಿ ಸಾಮಾನ್ಯವಾಗಿ ಕಾರ್ನ್‌ಫ್ಲೋರ್ ಇರುತ್ತದೆ, ಹೂವಿಗೆ ಸುಣ್ಣ ಬಳಿದಂತೆ ಕಾಣುತ್ತದೆ. ಸಣ್ಣ ಬ್ರಷ್ಷಿನಿಂದ ಎಸಳಿನ ಎರಡೂ ಬದಿಗೆ, ಬುಡದ ಮಡಿಕೆಯೊಳಕ್ಕೂ ತೆಳ್ಳಗೆ ಅಂಟು ಸವರಿ, ಮೇಲಿನಿಂದ ಸಕ್ಕರೆ ಉದುರಿಸಿ ಕೊಡವಿ. ಅಂಟು ತಾಗದ ಜಾಗ ಎರಡೇ ದಿನದಲ್ಲಿ ಕಂದಾಗಿ ಮೋಸ ಬಯಲಾಗುತ್ತದೆ. ದಪ್ಪಗಾದರೆ ಸಕ್ಕರೆ ಕರಗಿ ಹೂವು ಜೋತು ಬೀಳುತ್ತದೆ. ಜಾಲರಿಯ ಮೇಲೆ 24ರಿಂದ 48 ಗಂಟೆ ಒಣಗಬೇಕು. ಮುಟ್ಟಿದರೆ ಬಿಸ್ಕತ್ತಿನಂತೆ ಗರಿಗರಿ ಅನಿಸಬೇಕು. ಮಂಗಳೂರಿನ ಮಳೆಗಾಲದಲ್ಲಿ ವಾರವಾದರೂ ಒಣಗುವುದಿಲ್ಲ, ಓವನ್ನಿನ ಬಲ್ಬು ಮಾತ್ರ ಹಚ್ಚಿ ಐದಾರು ಗಂಟೆ ಒಳಗಿಡಿ. ಇದಕ್ಕೆ ಗುಲಾಬಿ ಎಸಳು, ವಯೋಲಾ, ಪ್ಯಾನ್ಸಿಯಂಥ ತೆಳು ಹೂವೇ ಸರಿ. ದಾಸವಾಳದ ಲೋಳೆ ಸಕ್ಕರೆಯನ್ನು ಒಳಗಿನಿಂದಲೇ ಕರಗಿಸುತ್ತದೆ.

ಪ್ಯಾನ್ಸಿ, ವಯೋಲಾ ಬೆಂಗಳೂರಿನ ಚಳಿಗೆ ಚೆನ್ನಾಗಿ ಬರುತ್ತವೆ. ಅಕ್ಟೋಬರಿನಲ್ಲಿ ಬಿತ್ತಿದರೆ ಹೊಸ ವರ್ಷದ ಸುಮಾರಿಗೆ ಹೂವು, ಮಾರ್ಚಿನ ಬಿಸಿಲಿಗೆ ಮುಗಿಯಿತು. ನಸ್ಟರ್ಶಿಯಂ ಇನ್ನೂ ಸುಲಭ, ಆದರೆ ಗೊಬ್ಬರ ಹೆಚ್ಚಾದರೆ ಬರೀ ಎಲೆ. ಅದರ ರುಚಿ ಸಾಸಿವೆಯ ಖಾರ, ಸಿಹಿ ಕೇಕಿಗಿಂತ ಕೋಸಂಬರಿಗೆ ಹೊಂದುತ್ತದೆ. ಸಿಹಿಗುಂಬಳದಲ್ಲಿ ಮೊದಲ ವಾರ ಬರುವುದೆಲ್ಲ ಗಂಡು ಹೂವು, ಬುಡದಲ್ಲಿ ಪುಟ್ಟ ಕಾಯಿ ಇರುವುದಿಲ್ಲ. ಅವನ್ನೆಲ್ಲ ಕಿತ್ತು ಬಜ್ಜಿ ಮಾಡಿದರೂ ಫಸಲಿಗೆ ನಷ್ಟವಿಲ್ಲ. ಹೆಣ್ಣು ಹೂವು ಬರತೊಡಗಿದ ಮೇಲೆ ನಾಲ್ಕಾರು ಗಂಡನ್ನು ಬಳ್ಳಿಯಲ್ಲೇ ಬಿಡಿ.

ಹಸಿ ಹೂವು ಕೇಕಿಗೆ ಏರುವುದು ಕತ್ತರಿಸುವ ಒಂದು ಗಂಟೆ ಮೊದಲು, ಅದಕ್ಕೂ ಮುಂಚೆ ಬೇಡ. ವಿಪ್ಪಿಂಗ್ ಕ್ರೀಮಿನಲ್ಲಿ ನೀರಿನಂಶ ಹೆಚ್ಚು, ಹೂವಿನ ಬಣ್ಣ ಅದಕ್ಕೆ ಬೇಗ ಇಳಿಯುತ್ತದೆ, ಬಟರ್‌ಕ್ರೀಮ್ ವಾಸಿ. ಎಸಳಿನ ಹಿಂಬದಿಗೆ ಕರಗಿಸಿ ತಣಿಸಿದ ಬಿಳಿ ಚಾಕೊಲೇಟನ್ನು ಬ್ರಷ್ಷಿನಿಂದ ತೆಳ್ಳಗೆ ಸವರಿ ಗಟ್ಟಿಯಾದ ಮೇಲೆ ಇಟ್ಟರೆ ಕಲೆ ಬೀಳುವುದಿಲ್ಲ. ಇಡೀ ಹೂವನ್ನು ನಿಲ್ಲಿಸಬೇಕಿದ್ದರೆ ಸ್ಟ್ರಾದ ಎರಡಿಂಚು ತುಂಡಿನ ತಳವನ್ನು ಅದೇ ಚಾಕೊಲೇಟಿನಿಂದ ಮುಚ್ಚಿ ಕೇಕಿಗೆ ಚುಚ್ಚಿ, ತೊಟ್ಟು ಅದರೊಳಗೆ ಕೂರಲಿ. ಎಷ್ಟು ಸ್ಟ್ರಾ ಹಾಕಿದ್ದೀರಿ ಎಂದು ಡಬ್ಬಿಯ ಮೇಲೆ ಬರೆದು ಕಳಿಸಿ, ಕತ್ತರಿಸುವವರು ಎಣಿಸಿ ತೆಗೆಯಲಿ. ಉಳಿದ ಕೇಕು ಫ್ರಿಜ್ಜಿಗೆ ಹೋಗುವ ಮೊದಲು ಹೂವನ್ನೆಲ್ಲ ತೆಗೆದಿಡಿ. ಹಸಿಯದು ರಾತ್ರಿಯೊಳಗೆ ಕಪ್ಪಾಗುತ್ತದೆ, ಸಕ್ಕರೆಯದು ಮರುದಿನ ಹೊರಬಂದ ಹತ್ತೇ ನಿಮಿಷದಲ್ಲಿ ಬೆವರಿ ಕ್ರೀಮಿನ ಮೇಲೆ ಬಣ್ಣದ ನೀರು ಬಿಡುತ್ತದೆ.